ಕೊಲಂಬೋಗೆ ಕೆಟಲ್ ಒಯ್ಯುವ ಮುನ್ನ

ಹೈದರಾಬಾದಿನ ಕಾಚಿಗುಡದ ಓದುಗರೇ, ತಾಯಿಯವರೊಡನೆ ಶ್ರೀಲಂಕಾಕ್ಕೆ ಹೊರಟಿರುವ ನೀವು, ಕೆಟಲ್ ಒಯ್ಯಲು ವೋಲ್ಟೇಜ್ ಕನ್ವರ್ಟರ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಬೇಡ. ಹೈದರಾಬಾದಿನಲ್ಲೂ ಕೊಲಂಬೋದಲ್ಲೂ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತೇ. ತೊಡಕಿರುವುದು ಪ್ಲಗ್ಗಿನಲ್ಲಿ. ಅಲ್ಲಿನ ಹಳೆಯ ಕಟ್ಟಡಗಳಲ್ಲಿ ನಮ್ಮಂಥ ಗುಂಡು ಪಿನ್ನಿನ ಸಾಕೆಟ್ ಸಿಕ್ಕೀತು. ಈಗಿನ ಅಧಿಕೃತ ಮಾದರಿ ಮಾತ್ರ ಬ್ರಿಟನ್ನಿನ ಚಪ್ಪಟೆ ಮೂರು ಪಿನ್ನಿನದು.

‘ಆ ಸಾಕೆಟ್ಟಿನ ಮೇಲಿನ ತೂತಿಗೆ ಪೆನ್ನು ಒತ್ತಿದರೆ ನಮ್ಮ ಎರಡು ಪಿನ್ನೂ ಒಳಹೋಗುತ್ತದಲ್ಲ’ ಎನ್ನುವವರಿದ್ದಾರೆ. ಹೋಗುತ್ತದೆ, ಫೋನೂ ಚಾರ್ಜ್ ಆಗುತ್ತದೆ. ಆದರೆ ಬ್ರಿಟನ್ ಮಾದರಿಯ ಪ್ಲಗ್ಗಿನ ಅರ್ಥಿಂಗ್ ಪಿನ್ ಉದ್ದವಾಗಿರುವುದು, ಅದು ಮೊದಲು ಹೊಕ್ಕು ಉಳಿದ ತೂತುಗಳ ಮುಚ್ಚಳ ತೆರೆಯಲಿ ಎಂದೇ. ಮಕ್ಕಳ ಕೈ ಅಲ್ಲಿಗೆ ತಾಗದಿರುವುದು ಇದರಿಂದ. ಫ್ಯೂಸ್ ಇರುವುದೂ ಪ್ಲಗ್ಗಿನೊಳಗೇ. ಪೆನ್ನಿನ ಉಪಾಯದಲ್ಲಿ ಈ ಎರಡೂ ರಕ್ಷಣೆ ಹೋಗುತ್ತವೆ, ಸಡಿಲ ಪಿನ್ ಬಿಸಿಯೇರುತ್ತದೆ. 1500 ವಾಟ್ ಕೆಟಲ್ ಸುಮಾರು 6.5 ಆಂಪಿಯರ್ ಎಳೆಯುತ್ತದೆ. ಅರ್ಥಿಂಗ್ ಇಲ್ಲದಾಗ ಅದರ ಲೋಹದ ಮೈಗೆ ಕರೆಂಟ್ ಹರಿದರೆ ಶಾಕ್ ತಗಲುವುದು ಮುಟ್ಟಿದವರಿಗೆ.

ಯೂನಿವರ್ಸಲ್ ಅಡಾಪ್ಟರ್ ಸಾಲದೇ ಎಂದರೆ, ಚಾರ್ಜರಿಗೆ ಸಾಕು. ಆದರೆ ಅಂಥ ಅಡಾಪ್ಟರುಗಳಲ್ಲಿ ಎಷ್ಟೋ ಅರ್ಥಿಂಗ್ ಇಲ್ಲದವು. ಕೆಟಲ್ ಒಯ್ಯಲೇಬೇಕಾದರೆ 13 ಆಂಪಿಯರ್ ಎಂದು ನಮೂದಿಸಿದ, ಫ್ಯೂಸ್ ಮತ್ತು ಅರ್ಥಿಂಗ್ ಎರಡೂ ಇರುವ ಅಡಾಪ್ಟರನ್ನೇ ಕೇಳಿ ಕೊಳ್ಳಿ. ದಯವಿಟ್ಟು ಸಾಕೆಟ್ಟಿಗೆ ಪೆನ್ನು ಹಾಕಬೇಡಿ, ತಾಯಿಯವರಿಗೂ ಇದನ್ನು ಹೇಳಿ.