ಹಡಗು ಎಲ್ಲರದು



ಕೆಂಪಾಪುರದಲ್ಲಿ ಸಂಜೆ ನನ್ನ ಬಳಿ ಕುರ್‌ಆನ್ ಕಲಿಯಲು ಬರುವ ಹದಿನೈದರ ಹುಡುಗನೊಬ್ಬ ಒಮ್ಮೆ ಕಸದ ಚೀಲವನ್ನು ಖಾಲಿ ಸೈಟಿಗೆ ಎಸೆದು ಒಳಗೆ ಬಂದ. ಕೇಳಿದರೆ, “ಹಜ್ರತ್, ಎಲ್ಲರೂ ಅಲ್ಲೇ ಹಾಕುತ್ತಾರೆ. ತೆಗೆಯಲು ಪಾಲಿಕೆಯವರು ಇದ್ದಾರಲ್ಲ?” ಎಂದ. ನನಗೆ ಗದರಿಸಲು ಮನಸ್ಸಾಗಲಿಲ್ಲ. ಚೀಲ ಕೊಟ್ಟು ಕಳುಹಿಸಿದ್ದು ಅವನ ಮನೆಯ ಹಿರಿಯರೇ.

ಅಂದು ಪಾಠದ ಬದಲು ಸಹೀಹುಲ್ ಬುಖಾರಿಯ ಒಂದು ಹದೀಸನ್ನು ವಿವರಿಸಿದೆ. ಪ್ರವಾದಿವರ್ಯರು(ಸ) ಸಮಾಜವನ್ನು ಒಂದು ಹಡಗಿಗೆ ಹೋಲಿಸಿದ್ದಾರೆ. ಕೆಲವರು ಮೇಲಂತಸ್ತಿನಲ್ಲಿ, ಕೆಲವರು ಕೆಳಗೆ. ನೀರಿಗಾಗಿ ಪದೇ ಪದೇ ಮೇಲೆ ಹತ್ತಿ ಅಲ್ಲಿದ್ದವರಿಗೆ ತೊಂದರೆ ಕೊಡುವುದೇಕೆ, ನಮ್ಮ ಪಾಲಿನ ಜಾಗದಲ್ಲೇ ರಂಧ್ರ ಕೊರೆಯೋಣ ಎಂದು ಕೆಳಗಿನವರು ಯೋಚಿಸುತ್ತಾರೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುವರು. ಕೈ ಹಿಡಿದು ತಡೆದರೆ ಎಲ್ಲರೂ ಪಾರಾಗುವರು. ಇದನ್ನು ವರದಿ ಮಾಡಿದ ನುಅಮಾನ್ ಬಿನ್ ಬಶೀರ್(ರ) ಅವರಿಗೆ ಪ್ರವಾದಿವರ್ಯರ(ಸ) ನಿಧನದ ವೇಳೆ ಸುಮಾರು ಎಂಟು ವರ್ಷ. ಸಮಾಜದ ಹೊಣೆಯ ಈ ಪಾಠವನ್ನು ನಮಗೆ ತಲುಪಿಸಿದ್ದು ಒಬ್ಬ ಬಾಲಕನ ಕಿವಿ!

ನಮ್ಮ ಹಡಗಿನ ರಂಧ್ರ ದೂರದಲ್ಲೇನೂ ಇಲ್ಲ. ಯಲಹಂಕದಾಚೆಯ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಬೆಂಗಳೂರಿನ ಕಸ ಸುರಿಯಲಾಯಿತು. ಅಲ್ಲಿನ ಜನರು ದುರ್ವಾಸನೆ ಮತ್ತು ಕೆಟ್ಟ ನೀರಿನಿಂದ ಬಳಲಿದರು. 2012ರಲ್ಲಿ ಅದು ನಿಂತಾಗ ಬೆಂಗಳೂರಿನ ಬೀದಿಗಳೇ ಕಸದ ರಾಶಿಯಾದವು. ಹಸಿ ಕಸ, ಒಣ ಕಸ ಬೇರ್ಪಡಿಸುವುದು ಕಡ್ಡಾಯವಾದದ್ದು ಅದೇ ವರ್ಷ. ನಾವು ಎಸೆದದ್ದು ಮಾಯವಾಗುವುದಿಲ್ಲ. ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಿ ಬೀಳುತ್ತದೆ.

ನಮ್ಮ ದೇಶದಲ್ಲಿ ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಆದರೆ ಶರೀಅತ್ ಹದಿನೆಂಟರವರೆಗೆ ಕಾಯುವುದಿಲ್ಲ. ಪ್ರಾಯಕ್ಕೆ ಬಂದೊಡನೆ ನಮಾಝ್‌ನ ಹೊಣೆಯಂತೆ ನೆರೆಯವನ ಹಕ್ಕಿನ ಹೊಣೆಯೂ ಹೆಗಲೇರುತ್ತದೆ. ಉಪದೇಶವೊಂದರಿಂದಲೇ ಅದು ಬೆಳೆಯದು. ಮಗನಿಗೆ, ಮಗಳಿಗೆ ನಿಜವಾದ ಕೆಲಸವೊಂದನ್ನು ಒಪ್ಪಿಸಿರಿ. ಬಕ್ರೀದ್ ದಿನ ಕುರ್ಬಾನಿಯ ತ್ಯಾಜ್ಯ ಬೀದಿಗಾಗಲಿ ಚರಂಡಿಗಾಗಲಿ ಬೀಳದಂತೆ ನೋಡಿಕೊಳ್ಳುವ ಜವಾಬ್ದಾರಿ ಅವರದಾಗಲಿ. ತಪ್ಪಿದರೆ ಅವರನ್ನೇ ಕೇಳಿರಿ. ಸರಿಯಾಗಿ ಮಾಡಿದರೆ ಮನಸಾರೆ ಮೆಚ್ಚಿರಿ.

ಆ ಹುಡುಗ ಕೊನೆಗೆ ಕೇಳಿದ: “ಹಜ್ರತ್, ರಂಧ್ರ ಕೊರೆಯುವವರು ಅಬ್ಬಾ ಆದರೆ?” ನಾನೆಂದೆ: “ಇಬ್ರಾಹೀಮ್(ಅ) ತಮ್ಮ ತಂದೆಯೊಡನೆ ಎಷ್ಟು ಮೃದುವಾಗಿ ಮಾತನಾಡಿದರೆಂಬುದನ್ನು ಸೂರಃ ಮರ್ಯಮ್‌ನಲ್ಲಿ ಓದಿದ್ದೀಯಲ್ಲ. ಹಾಗೆಯೇ ಹೇಳು. ಆದರೆ ಹೇಳದೆ ಇರಬೇಡ.” ಅವನು ಹೊರಗೆ ಹೋಗಿ ಚೀಲವನ್ನು ಎತ್ತಿಕೊಂಡು ಮನೆಗೆ ನಡೆದ.

ತಂದೆತಾಯಂದಿರೇ, ನಾಳೆ ನಿಮ್ಮ ಮಗನೂ ಹಾಗೆ ಬಾಗಿಲಲ್ಲಿ ನಿಂತರೆ ಕೋಪಿಸಬೇಡಿರಿ. ಅವನು ನಮ್ಮೆಲ್ಲರ ಹಡಗನ್ನು ಕಾಯುತ್ತಿದ್ದಾನೆ. ಅಲ್ಲಾಹನು ನಮ್ಮ ಮಕ್ಕಳನ್ನು ಊರಿಗೆ ಉಪಕಾರಿಗಳನ್ನಾಗಿ ಮಾಡಲಿ, ಆಮೀನ್.