ಎಂಜಿನ್ನಿನ ‘ಟಕ್ ಟಕ್’ ಸಪ್ಪಳ: ಕೇಳುವ ಕ್ರಮ, ತಿಳಿಯುವ ಕ್ರಮ

ಸಂತೆಯಲ್ಲಿ ಮಡಕೆ ಕೊಳ್ಳುವ ತಾಯಂದಿರು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ. ‘ಟಣ್’ ಎಂದರೆ ಮಡಕೆ ಗಟ್ಟಿ. ‘ದಬ್’ ಎಂದರೆ ಎಲ್ಲಿಯೋ ಬಿರುಕು ಇದೆ. ಎತ್ತಿನ ಬಂಡಿಯ ಗಾಲಿ ‘ಕಿರ್’ ಎಂದರೆ ರೈತನು ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ. ಕಣ್ಣಿಗೆ ಕಾಣದ ಒಳಗಿನ ಸ್ಥಿತಿಯನ್ನು ಕಿವಿಯಿಂದ ಅರಿಯುವ ಈ ವಿದ್ಯೆ ನಮ್ಮ ಹಿರಿಯರಿಗೆ ಹೊಸದಲ್ಲ. ಅದೇ ವಿದ್ಯೆಯನ್ನು ಹಳೆಯ ಮೋಟಾರು ಗಾಡಿಯ ಎಂಜಿನ್ನಿಗೆ ಅನ್ವಯಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ನಮ್ಮ ಉಮರ್ಗಾ ಪಟ್ಟಣದ ಮೂಲಕ ಪುಣೆ–ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಾದುಹೋಗಿದೆ. ಮೊದಲು ಅದರ ಸಂಖ್ಯೆ 9 ಇತ್ತು, ಈಗ 65. ಈ ದಾರಿಯಲ್ಲಿಯೂ ನಿಲಂಗಾ, ಉದಗೀರಗಳ ಕಡೆಗೆ ಹೋಗುವ ದಾರಿಗಳಲ್ಲಿಯೂ ಓಡುವ ಗಾಡಿಗಳೆಲ್ಲ ಹೊಸವಲ್ಲ. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿ ರಸ್ತೆಗಿಳಿದ ಮಾರುತಿ 800 ಕೂಡ ಅದೇ 2014ರಲ್ಲಿ ಕೊನೆಗೊಂಡಿತು. ಕಾರ್ಖಾನೆ ನಿಂತ ಮಾತ್ರಕ್ಕೆ ಗಾಡಿ ನಿಲ್ಲುವುದಿಲ್ಲ. ಇಂತಹ ಹಳೆಯ ಗಾಡಿಯನ್ನೇ ನಂಬಿಕೊಂಡು ಪೇಟೆಗೆ, ದವಾಖಾನೆಗೆ, ಮದುವೆಗೆ ಹೋಗುವ ಮನೆಗಳಿವೆ. ಅದನ್ನೇ ಬಾಡಿಗೆಗೆ ಓಡಿಸಿ ಮಕ್ಕಳನ್ನು ಓದಿಸುವ ಪಾಲಕರೂ ಇದ್ದಾರೆ.

ಅಂತಹ ಗಾಡಿಯ ಎಂಜಿನ್ನು ಒಂದು ದಿನ ‘ಟಕ್ ಟಕ್’ ಎನ್ನತೊಡಗಿದಾಗ ಎರಡು ಬಗೆಯ ತಪ್ಪುಗಳಾಗುವುದುಂಟು. ಒಂದು, ಗಾಬರಿಯಾಗಿ ಇಡೀ ಎಂಜಿನ್ನನ್ನೇ ಬಿಚ್ಚಿಸಿ ಸೋಯಾ, ತೊಗರಿ ಮಾರಿ ಬಂದ ಹಣವನ್ನೆಲ್ಲ ಅದಕ್ಕೆ ಸುರಿಯುವುದು. ಇನ್ನೊಂದು, ‘ಹಳೆ ಗಾಡಿ, ಸಪ್ಪಳ ಮಾಡೇ ಮಾಡ್ತದ’ ಎಂದು ಅಲಕ್ಷಿಸಿ, ಕಡೆಗೆ ದಾರಿಯ ನಡುವೆ ನಿಲ್ಲುವುದು. ಇವೆರಡರಿಂದಲೂ ಪಾರಾಗಲು ಇರುವ ಉಪಾಯ ಒಂದೇ: ಮೊದಲು ಕೇಳಬೇಕು, ಆಮೇಲೆ ಬಿಚ್ಚಬೇಕು.

1. ಸಪ್ಪಳ ಹುಟ್ಟುವ ಸ್ಥಳ

ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿನಲ್ಲಿ ನಾಲ್ಕು ಕ್ರಿಯೆಗಳು ಕ್ರಮವಾಗಿ ನಡೆಯುತ್ತವೆ: ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುವುದು, ಅದನ್ನು ಒತ್ತುವುದು, ಉರಿಸಿ ಶಕ್ತಿ ಪಡೆಯುವುದು, ಹೊಗೆಯನ್ನು ಹೊರಗೆ ತಳ್ಳುವುದು. ಮಿಶ್ರಣ ಒಳಬರಲು ಒಂದು ಕವಾಟ, ಹೊಗೆ ಹೊರಹೋಗಲು ಇನ್ನೊಂದು ಕವಾಟ. ಮಿಸ್ತ್ರಿಗಳು ಇವನ್ನು ವಾಲ್ವ್ ಎನ್ನುತ್ತಾರೆ.

ಕವಾಟಗಳನ್ನು ತೆರೆಯುವುದು ಕ್ಯಾಮ್ ಎಂಬ ಉಬ್ಬುಗಳುಳ್ಳ ದಂಡ. ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನಿನಲ್ಲಿ ಈ ದಂಡವು ಕೆಳಗಡೆ ಇದೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ಟು ಒಂದು ಉದ್ದನೆಯ ಕಡ್ಡಿಯನ್ನು ಎತ್ತುತ್ತದೆ, ಆ ಕಡ್ಡಿಯು ಮೇಲಿರುವ ರಾಕರ್ ಎಂಬ ತೋಳನ್ನು ತೂಗಿಸುತ್ತದೆ, ಆ ತೋಳು ಕವಾಟವನ್ನು ಒತ್ತಿ ತೆರೆಯುತ್ತದೆ. ಮಕ್ಕಳು ಆಡುವ ಏರುಮಣೆಯಂತೆಯೇ ಇದರ ಕೆಲಸ. ಮೂರು ಸಿಲಿಂಡರಿನ, 796 ಸಿ.ಸಿ.ಯ ಮಾರುತಿ 800ರಲ್ಲಿ ಕ್ಯಾಮ್ ದಂಡವು ಮೇಲೆಯೇ ಇರುವುದರಿಂದ ಉದ್ದನೆಯ ಕಡ್ಡಿಗಳಿಲ್ಲ. ಉಳಿದ ತತ್ತ್ವ ಒಂದೇ.

ಈ ತೋಳಿಗೂ ಕವಾಟದ ತುದಿಗೂ ನಡುವೆ ಒಂದು ಸಣ್ಣ ಅಂತರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಹಳೆಯ ಎಂಜಿನ್ನುಗಳಲ್ಲಿ ಅದು ಸಾಮಾನ್ಯವಾಗಿ 0.1ರಿಂದ 0.4 ಮಿಲಿಮೀಟರ್, ಅಂದರೆ ನಿಮ್ಮ ನೋಟುಪುಸ್ತಕದ ಒಂದರಿಂದ ನಾಲ್ಕು ಹಾಳೆಗಳಷ್ಟು ದಪ್ಪ. ಏಕೆ ಬಿಡಬೇಕು? ಲೋಹವು ಕಾದಾಗ ಹಿಗ್ಗುತ್ತದೆ ಎಂದು ನೀವು ವಿಜ್ಞಾನದಲ್ಲಿ ಓದಿದ್ದೀರಿ. ಉಕ್ಕು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 100 ಮಿಲಿಮೀಟರ್ ಉದ್ದದ ಉಕ್ಕಿನ ಕಡ್ಡಿ 300 ಡಿಗ್ರಿ ಹೆಚ್ಚು ಕಾದರೆ ಸುಮಾರು 0.36 ಮಿಲಿಮೀಟರ್ ಬೆಳೆಯುತ್ತದೆ. ಎಂಜಿನ್ನಿನ ಇತರ ಭಾಗಗಳೂ ಜೊತೆಯಲ್ಲಿ ಹಿಗ್ಗುವುದರಿಂದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ. ಆದರೆ ಅಂತರದ ಅವಶ್ಯಕತೆ ಇದರಿಂದ ಸ್ಪಷ್ಟವಾಗುತ್ತದೆ. ಸಾವಿರಾರು ಮೈಲು ಓಡಿದ ಮೇಲೆ ಭಾಗಗಳು ಸವೆದು ಈ ಅಂತರ ಹೆಚ್ಚಾದರೆ, ತೋಳು ಕವಾಟದ ತಲೆಗೆ ಮೆಲ್ಲನೆ ತಾಗುವ ಬದಲು ಬಡಿಯುತ್ತದೆ. ಇದೇ ಎಲ್ಲರೂ ಹೇಳುವ ‘ಟ್ಯಾಪೆಟ್ ಸಪ್ಪಳ’.

2. ಸಪ್ಪಳದ ಗಣಿತ

ನಾಲ್ಕು ಕ್ರಿಯೆಗಳು ಮುಗಿಯಲು ಕೆಳಗಿನ ಕ್ರ್ಯಾಂಕ್ ದಂಡವು ಎರಡು ಸುತ್ತು ತಿರುಗಬೇಕು. ಅಷ್ಟರಲ್ಲಿ ಕ್ಯಾಮ್ ದಂಡ ತಿರುಗುವುದು ಒಂದೇ ಸುತ್ತು. ನಿಂತ ಗಾಡಿಯ ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಕವಾಟವೂ 400 ಸಲ ತೆರೆಯುತ್ತದೆ. ಸಡಿಲವಾದ ಒಂದು ಕವಾಟ ಸೆಕೆಂಡಿಗೆ ಆರೇಳು ಸಲ ‘ಟಕ್’ ಎನ್ನುತ್ತದೆ. ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಮ್ಮೆ ಹುಟ್ಟುವ ಬಡಿತವಾದರೆ ಸೆಕೆಂಡಿಗೆ ಹದಿಮೂರಕ್ಕಿಂತ ಹೆಚ್ಚು. ಇವನ್ನು ಎಣಿಸುವುದು ಕಷ್ಟ, ಆದರೆ ನಡಿಗೆಗೂ ಓಟಕ್ಕೂ ಇರುವ ಭೇದದಂತೆ ಅಭ್ಯಾಸವಾದ ಕಿವಿಗೆ ತಿಳಿಯುತ್ತದೆ. ಎಂಜಿನ್ನಿನ ಓಟಕ್ಕಿಂತ ಅರ್ಧ ಲಯದಲ್ಲಿ ಬರುವ ಹಗುರ ಸಪ್ಪಳ ಸಾಮಾನ್ಯವಾಗಿ ಮೇಲ್ಭಾಗದ್ದು. ಓಟದ ಜೊತೆಗೇ ಬರುವ ಭಾರವಾದ ಸಪ್ಪಳ ಕೆಳಭಾಗದ್ದಿರಬಹುದು. ಈ ಎರಡನೆಯದೇ ಅಂಜಬೇಕಾದ ಸಪ್ಪಳ.

ನಾಲ್ಕು ಸಿಲಿಂಡರಿಗೆ ಎಂಟು ಕವಾಟ. ಎಲ್ಲವೂ ಸರಿಯಾಗಿದ್ದರೂ ಅವು ಒಟ್ಟಿಗೆ ಹೊಲಿಗೆ ಯಂತ್ರದಂತಹ ಸಣ್ಣ ನಾದ ಮಾಡುತ್ತವೆ. ಅದು ರೋಗವಲ್ಲ. ಆ ನಾದದೊಳಗಿಂದ ಒಂದೇ ಒಂದು ‘ಟಕ್’ ಎದ್ದು ಕೇಳಿದಾಗ ಮಾತ್ರ ವಿಚಾರಿಸಬೇಕು.

3. ಕೇಳಬೇಕಾದ ಐದು ಪ್ರಶ್ನೆಗಳು

ಮೊದಲನೆಯ ಪ್ರಶ್ನೆ: ಎಣ್ಣೆ ಇದೆಯೇ? ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಕೆಲವು ನಿಮಿಷ ಬಿಟ್ಟು ಎಣ್ಣೆಯ ಅಳತೆಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಕೀಲೆಣ್ಣೆ ಇಲ್ಲದ ಬಂಡಿಯ ಗತಿಯೇ ಎಣ್ಣೆ ಇಲ್ಲದ ಎಂಜಿನ್ನಿನದು. ಚಳಿಯಲ್ಲಿ ತುಪ್ಪ ಗಟ್ಟಿಯಾಗಿ ಬಿಸಿಲಿನಲ್ಲಿ ನೀರಾಗುವಂತೆ ಎಣ್ಣೆಯೂ ಕಾದಾಗ ತೆಳುವಾಗುತ್ತದೆ. ಆದುದರಿಂದ 40 ಡಿಗ್ರಿ ದಾಟುವ ನಮ್ಮ ಮರಾಠವಾಡದ ಬೇಸಿಗೆಯಲ್ಲಿ ಹಳತಾದ ಎಣ್ಣೆಯೂ ತಪ್ಪು ದರ್ಜೆಯ ಎಣ್ಣೆಯೂ ಸಪ್ಪಳಕ್ಕೆ ಕಾರಣವಾಗಬಲ್ಲವು. ಎಂಜಿನ್ನು ಓಡುತ್ತಿರುವಾಗ ಎಣ್ಣೆಯ ಕೆಂಪು ದೀಪ ಹತ್ತಿಯೇ ಇದ್ದರೆ ಬೇರೆ ಪ್ರಶ್ನೆಯೇ ಬೇಡ. ಆ ಕ್ಷಣವೇ ಬಂದ್ ಮಾಡಬೇಕು.

ಎರಡನೆಯದು: ಯಾವಾಗ? ಬೆಳಿಗ್ಗೆ ಚಾಲೂ ಮಾಡಿದಾಗ ಜೋರಾಗಿದ್ದು, ಎಂಜಿನ್ನು ಕಾದಂತೆ ಕಡಿಮೆಯಾದರೆ ಹೊಗೆಕೊಳವೆ ಎಂಜಿನ್ನಿಗೆ ಸೇರುವ ಜಾಗದಲ್ಲಿ ಸೋರಿಕೆ ಇರಬಹುದು. ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುವುದರಿಂದ ಸಪ್ಪಳ ಅಡಗುತ್ತದೆ. ಅಲ್ಲಿ ಕಪ್ಪು ಮಸಿಯ ಗುರುತೂ ಕಾಣುತ್ತದೆ. ಸವೆದ ಪಿಸ್ಟನ್ ಕೂಡ ತಣ್ಣಗಿರುವಾಗಲೇ ಹೆಚ್ಚು ಬಡಿಯುತ್ತದೆ, ಆದರೆ ಅದರ ದನಿ ಟೊಳ್ಳು. ಎಣ್ಣೆಯ ಒತ್ತಡದಿಂದ ತಾವೇ ಅಂತರ ಸರಿಪಡಿಸಿಕೊಳ್ಳುವ ಟ್ಯಾಪೆಟ್ಟುಗಳುಳ್ಳ ಎಂಜಿನ್ನುಗಳಲ್ಲಿ ಚಾಲೂ ಆದ ಕೆಲವು ಸೆಕೆಂಡು ಮಾತ್ರ ಟಕ್ ಎಂದು ನಿಲ್ಲುವುದು ಸಹಜ. ಇದಕ್ಕೆ ವಿರುದ್ಧವಾಗಿ ಎಂಜಿನ್ನು ಕಾದಂತೆ ಬಡಿತ ಹೆಚ್ಚಾದರೆ ಕೆಳಗಿನ ಬೇರಿಂಗುಗಳ ಮೇಲೆ ಸಂಶಯ ಪಡಬೇಕು.

ಮೂರನೆಯದು: ಯಾವ ಲಯ? ಇದನ್ನು ಮೇಲೆ ವಿವರಿಸಿದೆ.

ನಾಲ್ಕನೆಯದು: ಎಲ್ಲಿ? 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ರೋಗಿಯ ಎದೆಯ ಸದ್ದನ್ನು ಕೇಳಲು ಕಾಗದವನ್ನು ಸುರುಳಿ ಸುತ್ತಿ ಕಿವಿಗೆ ಹಚ್ಚಿಕೊಂಡನು. ಸ್ಟೆತಾಸ್ಕೋಪ್ ಹುಟ್ಟಿದ್ದು ಹಾಗೆ. ಮಿಸ್ತ್ರಿಯ ಸ್ಟೆತಾಸ್ಕೋಪ್ ಎಂದರೆ ಉದ್ದನೆಯ ಸ್ಕ್ರೂಡ್ರೈವರ್. ಅದರ ಮೊನೆಯನ್ನು ಎಂಜಿನ್ನಿನ ಒಂದೊಂದೇ ಭಾಗಕ್ಕೆ ತಾಗಿಸಿ, ಹಿಡಿಕೆಯನ್ನು ಕಿವಿಯ ಬಳಿಯ ಎಲುಬಿಗೆ ಒತ್ತಿದರೆ ಸಪ್ಪಳ ಎಲ್ಲಿ ಹೆಚ್ಚು ಎಂಬುದು ತಿಳಿಯುತ್ತದೆ. ಘನ ವಸ್ತುವು ಸದ್ದನ್ನು ಗಾಳಿಯಲ್ಲಿ ಚದುರಿಸದೆ ನೇರವಾಗಿ ತಲುಪಿಸುತ್ತದೆ. ಮೇಲಿನ ಮುಚ್ಚಳದ ಮೇಲೆ ಹೆಚ್ಚಾದರೆ ಕವಾಟದ ದೋಷ. ಕೆಳಗಿನ ಎಣ್ಣೆಯ ತೊಟ್ಟಿಯ ಬಳಿ ಹೆಚ್ಚಾದರೆ ಬೇರಿಂಗಿನ ದೋಷ. ಸ್ಪಾರ್ಕ್ ಪ್ಲಗ್ಗಿನ ವಾಯರು ಸೀಳಿದ್ದರೂ ಟಕ್ ಟಕ್ ಎನ್ನುತ್ತದೆ. ಕತ್ತಲಲ್ಲಿ ದೂರದಿಂದ ನೋಡಿದರೆ ನೀಲಿ ಕಿಡಿ ಹಾರುವುದು ಕಾಣುತ್ತದೆ.

ಐದನೆಯದು: ಯಾವ ಭಾರದಲ್ಲಿ? ಸಪಾಟು ದಾರಿಯಲ್ಲಿ ಸುಮ್ಮನಿದ್ದು ಏರಿನಲ್ಲಿ ಮಾತ್ರ ‘ಟಿಣ್ ಟಿಣ್’ ಎಂದರೆ ಕಿಡಿ ಹೊತ್ತುವ ಸಮಯ ಅಥವಾ ಪೆಟ್ರೋಲಿನ ಗುಣದ ಕಡೆಗೆ ನೋಡಬೇಕು. ಭಾರ ಹೆಚ್ಚಾದಂತೆ ಕೆಳಗಿನಿಂದ ‘ದಡ್ ದಡ್’ ಎಂದರೆ ಗಾಡಿಯನ್ನು ಮುಂದೆ ಓಡಿಸದೆ ಎಳೆಸಿಕೊಂಡು ಹೋಗುವುದೇ ಲಾಭ. ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಉರಿಯುವ ಬಡಿತ ಸಹಜವಾಗಿಯೇ ಹೆಚ್ಚು. ಆದ್ದರಿಂದ ಡೀಸೆಲ್ ಜೀಪನ್ನು ಅದರ ಮೊದಲಿನ ದನಿಯೊಡನೆಯೇ ಹೋಲಿಸಬೇಕು, ಪೆಟ್ರೋಲ್ ಕಾರಿನೊಡನೆ ಅಲ್ಲ.

ಈ ಐದು ಪ್ರಶ್ನೆಗಳಿಗೆ ಹೆಚ್ಚಿನ ಖರ್ಚಿಲ್ಲ ಎಂಬುದನ್ನು ಗಮನಿಸಬೇಕು. ಉತ್ತರ ‘ಟ್ಯಾಪೆಟ್’ ಎಂದಾದರೆ ಮಿಸ್ತ್ರಿಯು ಮೇಲಿನ ಮುಚ್ಚಳ ತೆಗೆದು, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಸಂದಿನಲ್ಲಿ ತೂರಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದಷ್ಟೇ ಅಂತರ ಇರಿಸಿ ತಿರುಪು ಬಿಗಿಯುತ್ತಾನೆ. ಅದು ಕೆಲವು ಗಂಟೆಗಳ ಕೆಲಸ. ಅಷ್ಟಾದರೂ ಸಪ್ಪಳ ನಿಲ್ಲದಿದ್ದರೆ ರಾಕರ್ ಅಥವಾ ಕ್ಯಾಮ್ ಸವೆದಿರಬಹುದು. ಬಿಚ್ಚುವ ಮಾತು ಬರುವುದು ಆಗ.

4. ಮೌನವೆಲ್ಲ ಆರೋಗ್ಯವಲ್ಲ

ಇಲ್ಲಿ ಒಂದು ಮುಖ್ಯ ಎಚ್ಚರಿಕೆ. ‘ಸಪ್ಪಳ ಪೂರ್ತಿ ನಿಲ್ಲಲಿ’ ಎಂದು ಅಂತರವನ್ನು ಅಳತೆಗಿಂತ ಬಿಗಿ ಮಾಡಿಸುವವರಿದ್ದಾರೆ. ಎಂಜಿನ್ನು ಆಗ ಮೌನವಾಗುವುದು ನಿಜ. ಆದರೆ ಕಾದು ಬೆಳೆದ ಕವಾಟವು ಪೂರ್ತಿ ಮುಚ್ಚಿಕೊಳ್ಳಲಾರದು. ಹೊಗೆಯ ಕವಾಟವು ತನ್ನ ಪೀಠದ ಮೇಲೆ ಕುಳಿತಾಗಲೇ ತನ್ನ ಬಿಸಿಯನ್ನು ಅದಕ್ಕೆ ಬಿಟ್ಟು ತಣಿಯುತ್ತದೆ. ಕುಳಿತುಕೊಳ್ಳಲು ಬಿಡದಿದ್ದರೆ ಉರಿಯುವ ಹೊಗೆ ಅದರ ಅಂಚಿನಲ್ಲಿ ನುಗ್ಗಿ ಅಂಚನ್ನೇ ಸುಟ್ಟುಬಿಡುತ್ತದೆ. ಸಡಿಲವಾದ ಕವಾಟ ಕೂಗಿ ಹೇಳುತ್ತದೆ. ಬಿಗಿಯಾದ ಕವಾಟ ಸದ್ದಿಲ್ಲದೆ ಸುಡುತ್ತದೆ. ದಪ್ಪ ಎಣ್ಣೆ ಸುರಿದು ದನಿ ಅಡಗಿಸುವುದೂ ಇದೇ ಬಗೆಯ ಕೆಲಸ. ಗಾಡಿ ಮಾರುವವನಿಗೆ ಅದರಿಂದ ಲಾಭ, ಕೊಳ್ಳುವವನಿಗೆ ನಷ್ಟ.

5. ಭಾಷೆಯ ಪಾಠ

ಕನ್ನಡದ ಶಿಕ್ಷಕರಿಗೆ ಎಂಜಿನ್ನಿನ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ವ್ಯಾಕರಣದಲ್ಲಿ ಅನುಕರಣಾವ್ಯಯಗಳನ್ನು ನೀವು ಕಲಿತಿದ್ದೀರಿ. ಟಕ್ ಟಕ್, ಚಟಚಟ, ಟಣ್ ಟಣ್, ದಡದಡ, ಗುಡುಗುಡು, ಬುಸ್ ಬುಸ್: ಇವು ಪರೀಕ್ಷೆಯ ಒಂದು ಅಂಕಕ್ಕಾಗಿ ಮಾತ್ರ ಇರುವ ಶಬ್ದಗಳಲ್ಲ. ಪ್ರತಿಯೊಂದೂ ಒಂದೊಂದು ಬೇರೆ ಸಂಗತಿಯನ್ನು ತಿಳಿಸುತ್ತದೆ. ‘ಗಾಡಿ ಸಪ್ಪಳ ಮಾಡ್ತದ’ ಎಂದಷ್ಟೇ ಹೇಳಿದರೆ ಮಿಸ್ತ್ರಿಗೆ ಏನೂ ತಿಳಿಯದು. ‘ಮುಂಜಾನೆ ತಣ್ಣಗಿದ್ದಾಗ ಟಕ್ ಟಕ್ ಅಂತದ, ಹತ್ತು ನಿಮಿಷಕ್ಕ ಕಡಿಮಿ ಆಗ್ತದ, ಎಣ್ಣಿ ಬರೋಬ್ಬರಿ ಅದ’ ಎಂದರೆ ಅರ್ಧ ಕೆಲಸ ಮುಗಿದಂತೆ.

ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ನಮ್ಮದು ಇಂದಿಗೂ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಉರ್ದು ಬೆರೆತ ಹಿಂದಿ ಕೇಳುವ ಸೀಮೆ. ನಮ್ಮ ಸಪ್ಪಳ ಅಲ್ಲಿ ‘ಆವಾಜ್’ ಆಗುತ್ತದೆ. ಆದರೆ ‘ಟಕ್ ಟಕ್’ ಎಂಬುದು ಮೂರೂ ಭಾಷೆಗಳಲ್ಲಿ ತಿಳಿಯುತ್ತದೆ. ಮನೆಯ ಭಾಷೆಯಲ್ಲಿ ಸರಿಯಾಗಿ ಗಮನಿಸಿ ಹೇಳಲು ಕಲಿತ ಮಗು ಬೇರೆ ಭಾಷೆಯಲ್ಲಿಯೂ ಸರಿಯಾಗಿಯೇ ಹೇಳುತ್ತದೆ.

6. ಎಚ್ಚರಿಕೆಗಳು

ವಿದ್ಯಾರ್ಥಿಗಳು ಹಿರಿಯರಿಲ್ಲದೆ ಎಂಜಿನ್ನಿನ ಹತ್ತಿರ ಹೋಗಬಾರದು. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಕೈಬ್ರೇಕ್ ಹಾಕಿರಬೇಕು. ತಿರುಗುವ ಫ್ಯಾನು, ಬೆಲ್ಟುಗಳ ಬಳಿ ಓಢಣಿ, ಟವೆಲು, ಸಡಿಲ ತೋಳು, ಬಿಚ್ಚಿದ ಕೂದಲು ಸುಳಿಯಬಾರದು. ಸ್ಕ್ರೂಡ್ರೈವರಿನ ಪರೀಕ್ಷೆ ಮಿಸ್ತ್ರಿಯ ಕೆಲಸ. ಸ್ಪಾರ್ಕ್ ಪ್ಲಗ್ಗಿನ ವಾಯರು ಮುಟ್ಟಕೂಡದು. ಕಾದ ರೇಡಿಯೇಟರಿನ ಮುಚ್ಚಳ ತೆಗೆಯಬಾರದು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ನು ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯುತ್ತದೆ.

ಅಭ್ಯಾಸ

1. ಎಂಜಿನ್ನು ನಿಮಿಷಕ್ಕೆ 1200 ಸುತ್ತು ತಿರುಗುತ್ತಿದ್ದರೆ ಒಂದು ಕವಾಟ ಎಷ್ಟು ಸಲ ತೆರೆಯುತ್ತದೆ?
2. ಕವಾಟದ ಅಂತರ ಬಿಗಿಯಾದರೆ ಆಗುವ ಹಾನಿಯನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
3. ನಿಮ್ಮ ಮನೆಯ ಗಿರಣಿ, ಪಂಪುಸೆಟ್ಟು ಅಥವಾ ಹೊಲಿಗೆ ಯಂತ್ರದ ಸಪ್ಪಳವನ್ನು ಒಂದು ವಾರ ಗಮನಿಸಿ, ಯಾವಾಗ, ಎಲ್ಲಿ, ಹೇಗೆ ಎಂದು ಹತ್ತು ವಾಕ್ಯಗಳಲ್ಲಿ ಬರೆದು ಪಾಲಕರಿಗೆ ಓದಿ ತೋರಿಸಿರಿ.