ಇಂಗ್ಲಿಷ್ ವಾಕ್ಯದ ಪರೀಕ್ಷೆ

ಪರೀಕ್ಷೆಯ ಉತ್ತರವಾಗಲಿ ಉದ್ಯೋಗದ ಅರ್ಜಿಯಾಗಲಿ, ಇಂಗ್ಲಿಷಿನಲ್ಲಿ ಬರೆದ ವಾಕ್ಯವು ಶುದ್ಧವೋ ಅಶುದ್ಧವೋ ಎಂಬ ಸಂದೇಹ ವಿದ್ಯಾರ್ಥಿಗಳನ್ನು ಕಾಡುವುದುಂಟು. ‘ಕೇಳುವುದಕ್ಕೆ ಸರಿಯಾಗಿದೆ’ ಎಂಬುದು ಇಲ್ಲಿ ನೆಚ್ಚತಕ್ಕ ಪ್ರಮಾಣವಲ್ಲ. ನಮ್ಮ ಕಿವಿ ಪಳಗಿರುವುದು ಕನ್ನಡದಲ್ಲಿ. ರಸಾಯನಶಾಸ್ತ್ರಜ್ಞನು ಆಮ್ಲವನ್ನು ರುಚಿ ನೋಡಿ ನಿರ್ಣಯಿಸುವುದಿಲ್ಲ; ಲಿಟ್ಮಸ್ ಕಾಗದವನ್ನು ಅದ್ದಿ ನೋಡುತ್ತಾನೆ. ವಾಕ್ಯಕ್ಕೂ ಅಂಥ ಪರೀಕ್ಷೆಗಳಿವೆ. ಅವುಗಳಲ್ಲಿ ಮೂರನ್ನು ನೋಡೋಣ.

1. ತೆಗೆದು ನೋಡುವುದು: ‘ಒನ್ ಆಫ್ ಮೈ ಫ್ರೆಂಡ್ಸ್ ಆರ್ ಕಮಿಂಗ್’ ಎಂಬುದರಲ್ಲಿ ‘ಆಫ್ ಮೈ ಫ್ರೆಂಡ್ಸ್’ ಎಂಬ ಭಾಗವನ್ನು ತೆಗೆಯಿರಿ. ‘ಒನ್ ಆರ್ ಕಮಿಂಗ್’ ಎಂದು ಉಳಿಯುತ್ತದೆ. ದೋಷವು ಒಡನೆಯೇ ಗೋಚರಿಸುತ್ತದೆ. ಬರುವವನು ಒಬ್ಬನೇ ಆದ್ದರಿಂದ ‘ಈಸ್’ ಎಂದಿರಬೇಕು. ಬಳಿಯಲ್ಲಿ ನಿಂತ ಬಹುವಚನವು ಕ್ರಿಯಾಪದವನ್ನು ತನ್ನೆಡೆಗೆ ಸೆಳೆದುದೇ ಈ ತಪ್ಪಿಗೆ ಕಾರಣ.

2. ಕಾಲವನ್ನು ಎಣಿಸುವುದು: ‘ಐ ಡಿಡ್ ನಾಟ್ ವೆಂಟ್’ ಎಂಬಲ್ಲಿ ‘ಡಿಡ್’ ಒಮ್ಮೆ, ‘ವೆಂಟ್’ ಇನ್ನೊಮ್ಮೆ ಭೂತಕಾಲವನ್ನು ಸೂಚಿಸುತ್ತವೆ. ಆದರೆ ಕ್ರಿಯಾಪದಗಳು ಹೀಗೆ ಒಟ್ಟುಗೂಡಿ ಬಂದಾಗ ಕಾಲದ ಗುರುತನ್ನು ಹೊರತಕ್ಕದ್ದು ಮೊದಲನೆಯದು ಮಾತ್ರ. ಆದುದರಿಂದ ‘ಡಿಡ್ ನಾಟ್ ಗೋ’ ಎಂಬುದೇ ಶುದ್ಧ. ಕನ್ನಡದಲ್ಲಿ ‘ಹೋಗಲಿಲ್ಲ’ ಎಂಬ ಒಂದೇ ಪದ ಕ್ರಿಯೆ, ಕಾಲ, ನಿಷೇಧ ಮೂರನ್ನೂ ಹೇಳಿಬಿಡುತ್ತದೆ. ಇಂಗ್ಲಿಷಿನಲ್ಲಿ ಈ ಹೊರೆಯನ್ನು ಪದಗಳು ಹಂಚಿಕೊಳ್ಳಬೇಕು.

3. ಕರ್ಮಣಿಪ್ರಯೋಗಕ್ಕೆ ತಿರುಗಿಸುವುದು: ‘ವಿಷಯದ ಬಗ್ಗೆ ಚರ್ಚಿಸಿದೆವು’ ಎಂಬ ನಮ್ಮ ಮಾತಿನ ಜಾಡಿನಲ್ಲಿ ‘ವಿ ಡಿಸ್ಕಸ್ಡ್ ಅಬೌಟ್ ದಿ ಮ್ಯಾಟರ್’ ಎಂದು ಬರೆಯುತ್ತೇವೆ. ಇದನ್ನು ತಿರುಗಿಸಿ. ‘ದಿ ಮ್ಯಾಟರ್ ವಾಸ್ ಡಿಸ್ಕಸ್ಡ್’ ಎಂಬಲ್ಲಿಗೆ ವಾಕ್ಯವು ಪೂರ್ಣವಾಯಿತು. ‘ಅಬೌಟ್’ಗೆ ಸ್ಥಳವೇ ಇಲ್ಲ. ‘ಟಾಕ್’ ಧಾತುವಾದರೋ ಹಾಗಲ್ಲ. ‘ದಿ ಮ್ಯಾಟರ್ ವಾಸ್ ಟಾಕ್ಡ್ ಅಬೌಟ್’ ಎಂದೇ ಹೇಳಬೇಕು.

ವಾಕ್ಯದ ಕೊನೆಯಲ್ಲಿ ‘ಅಬೌಟ್’ನಂಥ ಪದ ಬರಬಹುದೆ ಎಂದು ಕೆಲವರು ಕೇಳಬಹುದು. ಧಾರಾಳವಾಗಿ ಬರಬಹುದು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಇದು ಗಂಭೀರ ಬರವಣಿಗೆಗೆ ಅಷ್ಟು ಒಪ್ಪುವುದಿಲ್ಲವೆಂದು ಎಣಿಸಿದ್ದನು. ಆದರೆ ಆಡುಮಾತಿಗೆ ಸಲ್ಲುತ್ತದೆಂದು ಒಪ್ಪಿದ್ದನು. ಶೈಲಿಯ ಮಾತು ಬೇರೆ, ವ್ಯಾಕರಣದ ದೋಷ ಬೇರೆ.

ಈ ಪರೀಕ್ಷೆಗಳು ಎಲ್ಲ ದೋಷಗಳನ್ನೂ ಹಿಡಿಯಲಾರವು. ಕನ್ನಡದಲ್ಲಿ ಇಲ್ಲದ ‘ಎ’, ‘ದಿ’ಗಳ ಬಳಕೆ ಓದಿನಿಂದಲೇ ಬರಬೇಕು. ಕ್ರಿಯಾಪದಗಳ ವಿಚಾರದಲ್ಲಿ ಸಂದೇಹ ಉಳಿದರೆ ಕಲಿಯುವವರಿಗಾಗಿಯೇ ರಚಿತವಾದ ನಿಘಂಟನ್ನು ನೋಡಬೇಕು. ಎ. ಎಸ್. ಹಾರ್ನ್‌ಬಿಯವರು ಸಂಗಡಿಗರೊಡನೆ ಸಿದ್ಧಪಡಿಸಿ 1942ರಲ್ಲಿ ಜಪಾನಿನಲ್ಲಿ ಪ್ರಕಟವಾದ ನಿಘಂಟು, ಕ್ರಿಯಾಪದವು ಎಂಥ ವಾಕ್ಯರಚನೆಯಲ್ಲಿ ಬರುತ್ತದೆಂಬುದನ್ನೂ ತೋರಿಸಿಕೊಟ್ಟಿತು.

ಅಭ್ಯಾಸ: ಇವುಗಳಲ್ಲಿ ಶುದ್ಧವಾದುದು ಯಾವುದು?
(ಅ) ದಿ ಕ್ವಾಲಿಟಿ ಆಫ್ ದೀಸ್ ಮ್ಯಾಂಗೋಸ್ ಆರ್ ಗುಡ್.
(ಆ) ಡಸ್ ಹಿ ನೋಸ್ ಕನ್ನಡ?
(ಇ) ವಿ ಆರ್ಡರ್ಡ್ ಫಾರ್ ಟೂ ಬುಕ್ಸ್.
(ಈ) ಶಿ ಲಿಸನ್ಡ್ ಟು ದಿ ರೇಡಿಯೊ.

ಉತ್ತರ: ಕೊನೆಯದು ಮಾತ್ರ. ಉಳಿದ ಮೂರೂ ಕ್ರಮವಾಗಿ ಮೇಲಿನ ಮೂರು ಪರೀಕ್ಷೆಗಳಲ್ಲಿ ಸಿಕ್ಕಿಬೀಳುತ್ತವೆ.